ಕಿನ್ಶಾಸಾದಿಂದ ಲುಬುಂಬಾಶಿಗೆ ಬಸ್ಸಿಲ್ಲ

ಜೂನ್ 11, ಮಂಗಳವಾರ

ಸಿಟ್ಟು ಬಂದಾಗ ಬರೀರಿ ಅಂತ ಡಾಕ್ಟರ್ ಗಿರಿಜಾದೇವಿ ಹೇಳಿದ್ದಾರೆ. ಸಿಟ್ಟು ಬಂದಾಗ ಕೈಗೆ ಪೆನ್ನು ಸಿಗಬೇಕಲ್ಲ! ಬಿ.ಪಿ. ಮತ್ತೆ ನೂರ ಎಪ್ಪತ್ತು. ಮಾತ್ರೆ ಜಾಸ್ತಿ ಮಾಡೋಕೆ ಮುಂಚೆ ಇದೊಂದು ಪ್ರಯೋಗ ಅಂತೆ. ದಿನಾ ಯಾರ ಮೇಲೆ, ಯಾಕೆ ಸಿಟ್ಟು ಬಂತು ಅಂತ ಬರೆದಿಡೋದು. "ನಿಮಗೋಸ್ಕರ ಬರ್ಕೊಳ್ಳಿ ಗಂಗಾಧರಯ್ಯನವರೇ, ನನಗೂ ತೋರಿಸ್ಬೇಡಿ, ಮನೇಲೂ ತೋರಿಸ್ಬೇಡಿ" ಅಂದ್ರು. ಬ್ಯಾಂಕಿನವರು ಕೊಟ್ಟ ಡೈರಿ ಹೇಗೂ ಖಾಲಿ ಬಿದ್ದಿತ್ತು.

ಇವತ್ತಿನ ಸಿಟ್ಟು: ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ತಕ್ಷಣ ಒಬ್ಬ ಬಂದ. ಕಲಬುರಗಿಗೆ ಸ್ಲೀಪರ್ ಕೇಳಿದ. ರೇಟ್ ಹೇಳಿದೆ. "ಅಂಕಲ್, ಆ್ಯಪ್‌ನಲ್ಲಿ ಕಮ್ಮಿ ಇದೆ" ಅಂದ. "ಹಾಗಾದ್ರೆ ಆ್ಯಪ್ ಮೇಲೇ ಮಲಗ್ಕೊಂಡು ಹೋಗು" ಅಂದೆ. ಇಪ್ಪತ್ತೆರಡು ವರ್ಷ ಆಯ್ತು ನಾನು ಬಿಟಿಎಮ್‌ನಲ್ಲಿ ಬಸ್ ಟಿಕೆಟ್ ಅಂಗಡಿ ಇಟ್ಟು. ಉತ್ತರ ಕರ್ನಾಟಕದ ಯಾವ ಬಸ್ಸು ಎಲ್ಲಿ ಊಟಕ್ಕೆ ನಿಲ್ಲುತ್ತೆ, ಯಾವ ಡ್ರೈವರ್ ತೂಕಡಿಸ್ತಾನೆ, ಎಲ್ಲಾ ನನಗೆ ಗೊತ್ತು. ಆ್ಯಪ್‌ಗೆ ಗೊತ್ತಾ?

ಮಧ್ಯಾಹ್ನ ರವಿಕುಮಾರ ಬಂದಿದ್ದ. ಲಿಫ್ಟ್ ರಿಪೇರಿ ಮಾಡೋ ಹುಡುಗ, ರೋಣದ ಕಡೆಯವನು, ಒಂಬತ್ತು ವರ್ಷದಿಂದ ನನ್ನ ಹತ್ರಾನೇ ಟಿಕೆಟ್. ಜೊತೆಗೆ ಅವನ ತಾಯಿ ಶಂಕ್ರವ್ವ. ಅವನ ತಂಗಿ ಮಧುಮತಿ ಆಫ್ರಿಕಾದ ಕಾಂಗೊದಲ್ಲಿದ್ದಾಳಂತೆ. ಗಂಡ ಭೀಮರಾಯ ಅಲ್ಲಿ ತಾಮ್ರದ ಗಣಿಯಲ್ಲಿ ಕ್ರಷರ್ ನೋಡ್ಕೋತಾನೆ. ಜುಲೈ ಮೊದಲನೇ ವಾರ ಹೆರಿಗೆ. ಅಲ್ಲಿ ಯಾರಿದ್ದಾರೆ? ಬಾಣಂತನಕ್ಕೆ ತಾಯಿ ಹೋಗಬೇಕು. ವೀಸಾ ಎಲ್ಲಾ ಅಳಿಯನ ಕಂಪನಿಯವರೇ ಮಾಡಿಸಿದ್ದಾರೆ, ಟಿಕೆಟ್ ಒಂದೇ ಬಾಕಿ. ವಿಮಾನದ ಟಿಕೆಟ್ ನಾನು ವರ್ಷಕ್ಕೆ ಹತ್ತು ಮಾಡಿದ್ರೆ ಹೆಚ್ಚು, ಅದೂ ದುಬೈ, ಕಾಶಿ. ಆದ್ರೆ "ನನಗೆ ಬರಲ್ಲ" ಅನ್ನೋಕೆ ಬಾಯಿ ಬರಲಿಲ್ಲ. "ಸಾಹೇಬ್ರು ಮಾಡ್ತಾರ ಬಿಡವ್ವ" ಅಂತ ಅವನು ಆಗಲೇ ತಾಯಿಗೆ ಹೇಳಿಬಿಟ್ಟಿದ್ದ.

ಶಂಕ್ರವ್ವನ ಕೈಯಲ್ಲಿ ಒಂದು ಚೀಟಿ. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಲುಬುಂಬಾಶಿ ಅಂತ ಬರೆದಿತ್ತು. ಆಯಮ್ಮನಿಗೆ ಓದೋಕೆ ಬರಲ್ಲ, ಆದ್ರೆ ಆ ಹೆಸರನ್ನ ಮಗಳ ಹತ್ರ ಹೇಳಿಸ್ಕೊಂಡು ಬಾಯಿಪಾಠ ಮಾಡಿದ್ರು. ಕಂಪ್ಯೂಟರಲ್ಲಿ ಲುಬುಂಬಾಶಿ ಅಂತ ಹಾಕಿ ನೋಡಿದೆ. ಸುತ್ತಿ ಸುತ್ತಿ ಕರ್ಕೊಂಡು ಹೋಗೋ ವಿಮಾನ, ರೇಟೂ ಮೇಲೆ. ರಾಜಧಾನಿ ಕಿನ್ಶಾಸಾ ಅಂತ ಹಾಕಿದೆ, ಸಲೀಸಾಗಿ ಬಂತು. ಅಡಿಸ್ ಅಬಾಬಾದಲ್ಲಿ ಒಂದೇ ಒಂದು ಸಲ ಇಳಿದು ಹತ್ತೋದು. ಎರಡೂ ಒಂದೇ ದೇಶ ತಾನೇ. ಬೆಂಗಳೂರಲ್ಲಿ ಇಳಿದು ಹುಬ್ಬಳ್ಳಿಗೆ ಹೋದ ಹಾಗೆ. ಅಲ್ಲೂ ಬಸ್ಸು ಇದ್ದೇ ಇರುತ್ತೆ.

ರವಿಕುಮಾರ ಆಗ ಹೊರಗೆ ಹೋಗಿದ್ದ, ಯಾವುದೋ ಲಿಫ್ಟ್ ಸಿಕ್ಕಿಹಾಕ್ಕೊಂಡಿದೆ ಅಂತ ಫೋನು. ಶಂಕ್ರವ್ವ ಕೇಳಿದ್ರು, "ಇಳದ ಮ್ಯಾಲ ಮತ್ತ ಎಷ್ಟ್ ದೂರ ಆಕ್ಕೈತ್ರಿ?"

"ಹತ್ತಿರಾನೇ ಅಮ್ಮ. ಅಳಿಯ ಬಂದು ಕರ್ಕೊಂಡು ಹೋಗ್ತಾರೆ. ಯೋಚ್ನೆ ಮಾಡ್ಬೇಡಿ" ಅಂದೆ. ಹತ್ತು ನಿಮಿಷದಲ್ಲಿ ಕೆಲಸ ಮುಗೀತು.

ಜೂನ್ 12, ಬುಧವಾರ

ರವಿಕುಮಾರನಿಗೆ ಮೆಸೇಜ್ ಕಳಿಸಿದೆ. ಪ್ರಯಾಣಿಕರ ಹೆಸರು, ದೇವನಹಳ್ಳಿ ಏರ್‌ಪೋರ್ಟಿಗೆ 26ರ ಬುಧವಾರ ಸಂಜೆ ಎಷ್ಟು ಗಂಟೆಗೆ ಹೋಗಬೇಕು, ಕಾಂಗೊ ತಲುಪುವುದು ಗುರುವಾರ ಮಧ್ಯಾಹ್ನ 12.40. ಅವನು ಅದನ್ನೇ ಭೀಮರಾಯನಿಗೆ ಕಳಿಸಿದ್ನಂತೆ. ನಾನು ಯಾವಾಗಲೂ ಹೀಗೇ ಕಳಿಸೋದು. ಬಸ್ಸಿನವರಿಗೆ ಹತ್ತೋ ಜಾಗ ಮುಖ್ಯ. ಇಳಿಯೋದು ಅವರವರ ಊರಲ್ಲಿ, ಅದು ಅವರಿಗೇ ಗೊತ್ತಿರುತ್ತೆ. ಟಿಕೆಟ್ಟಿನ ಪ್ರಿಂಟನ್ನ ಪಾಸ್‌ಪೋರ್ಟ್ ಜೊತೆ ಕವರಿಗೆ ಹಾಕಿ ಪಿನ್ ಹೊಡೆದು ಕೊಟ್ಟೆ, ಏರ್‌ಪೋರ್ಟಲ್ಲಿ ತೋರಿಸಿದ್ರೆ ಸಾಕು ಅಂತ.

ಇವತ್ತಿನ ಸಿಟ್ಟು: ಪುಟ್ಟೇನಹಳ್ಳಿ ಸಿಗ್ನಲ್ಲು. ದಿನಾ ಬರೀಬೇಕಾಗುತ್ತೆ ಅದನ್ನ.

ಜೂನ್ 26, ಬುಧವಾರ

ಶಂಕ್ರವ್ವ ಏರ್‌ಪೋರ್ಟಿಗೆ ಹೋಗೋ ಮುಂಚೆ ಅಂಗಡಿಗೆ ಬಂದ್ರು. ಹೊಸ ಇಳಕಲ್ ಸೀರೆ, ಕಾಲಿಗೆ ಮಗನ ಬೂಟು. ಒಂದು ಬ್ಯಾಗಲ್ಲಿ ಅಂಟಿನ ಉಂಡೆ, ಬಾಣಂತಿ ಖಾರ, ಒಣಕೊಬ್ಬರಿ. ಇನ್ನೊಂದರಲ್ಲಿ ಬರೀ ಹಳೇ ಸೀರೆ ಹರಿದ ಬಟ್ಟೆ. "ಕೂಸಿಗೆ ಹೊಸಾ ಅರಬಿ ಚುಚ್ತೈತ್ರಿ, ಇವು ಮೆತ್ತಗ ಅದಾವ" ಅಂದ್ರು. ನನ್ನ ಕಾಲು ಮುಟ್ಟೋಕೆ ಬಂದ್ರು. "ಏ ಏ, ನೀವು ನನಗಿಂತ ದೊಡ್ಡವರು" ಅಂತ ಹಿಂದೆ ಸರಿದೆ. ಸಂತೋಷ ಆಯ್ತು, ಸುಳ್ಳು ಯಾಕೆ ಹೇಳಲಿ.

ಇವತ್ತು ಸಿಟ್ಟಿಲ್ಲ.

ಜೂನ್ 27, ಗುರುವಾರ

ಸಂಜೆ ಆರೂವರೆಗೆ ರವಿಕುಮಾರನ ಫೋನು. ಭೀಮರಾಯ ಲುಬುಂಬಾಶಿ ಏರ್‌ಪೋರ್ಟಲ್ಲಿ ಕಾದೂ ಕಾದೂ ಸಾಕಾಗಿದ್ದಾನೆ. ಅಡಿಸ್ ಅಬಾಬಾ ವಿಮಾನ ಬಂತು, ಎಲ್ಲರೂ ಇಳಿದ್ರು, ಅತ್ತೆ ಇಲ್ಲ. ಅಷ್ಟರಲ್ಲಿ ಯಾರದೋ ನಂಬರಿಂದ ಶಂಕ್ರವ್ವನೇ ಮಗನಿಗೆ ಫೋನ್ ಮಾಡಿದ್ರಂತೆ. "ಎಲ್ಲಾರೂ ಹೊಂಟು ಹೋದ್ರು, ಅಳಿಯ ಕಾಣವಲ್ಲ" ಅಂತ. ಅವರಿರೋದು ಕಿನ್ಶಾಸಾದಲ್ಲಿ.

ಹತ್ತು ನಿಮಿಷಕ್ಕೆ ರವಿಕುಮಾರ ಅಂಗಡಿಗೇ ಬಂದ. ಅವನ ಜೊತೆ ಅವರ ಕಡೆಯವರೇ ಇಬ್ಬರು. ಪಕ್ಕದ ಬೇಕರಿಯವನೂ ಎದ್ದು ಬಂದು ನಿಂತ. "ಸರ, ಕಿನ್ಶಾಸಾದಿಂದ ಲುಬುಂಬಾಶಿ ಎಷ್ಟ್ ದೂರ ಅದರಿ?" ಅಂದ ರವಿಕುಮಾರ. ನಾನು ಫೋನಲ್ಲಿ ನೋಡಿದೆ. ಒಂದು ಸಾವಿರದ ಐನೂರ ಎಪ್ಪತ್ತು ಕಿಲೋಮೀಟರ್. ಅದು ಹಕ್ಕಿ ಹಾರಿದ ಲೆಕ್ಕ. ವಿಮಾನದಲ್ಲಿ ಎರಡೂವರೆ ಗಂಟೆ. ನಾವು ಇಲ್ಲಿಂದ ದಿಲ್ಲಿಗೆ ಹೋದ ಹಾಗೆ. ಬಸ್ಸು ಅಂತ ಹುಡುಕಿದೆ. ಬಸ್ಸಿಲ್ಲ. ಸರಿಯಾದ ರಸ್ತೇನೇ ಇಲ್ಲವಂತೆ, ನಡುವೆ ಕಾಡು, ನದಿ. ಲಾರಿಯವರು ವಾರಗಟ್ಟಲೆ ತಗೋತಾರಂತೆ.

ಎಲ್ಲರೂ ನನ್ನ ಮುಖಾನೇ ನೋಡ್ತಿದ್ರು. "ನಾನು ಹೇಳಿದ್ದೆ ಕಣಪ್ಪ" ಅಂದೆ. "ಅಲ್ಲಿಂದ ಇನ್ನೊಂದು ಫ್ಲೈಟ್ ತಗೋಬೇಕು ಅಂತ ಬಿಡಿಸಿ ಬಿಡಿಸಿ ಹೇಳಿದೆ. ನಿಮ್ಮಮ್ಮನೇ ಬೇಡ ಅಂದ್ರು. ಸುಮ್ನೆ ದುಡ್ಡು ದಂಡ, ಅಳಿಯ ಗಾಡಿ ತಗೊಂಡು ಬರ್ತಾನೆ ಅಂದ್ರು. ನೀನು ಹೊರಗೆ ಫೋನಲ್ಲಿದ್ದೆ."

ರವಿಕುಮಾರ ಹಣೆ ಹಣೆ ಬಡ್ಕೊಂಡ. "ಅವ್ವನ ಬುದ್ಧಿನೇ ಹಂಗ ರೀ ಸರ. ಒಂದ್ ರೂಪಾಯಿ ಬಿಡಂಗಿಲ್ಲ" ಅಂದ.

ಹಾಗೇ ಅಂದಿದ್ರು ಶಂಕ್ರವ್ವ. ನನಗೆ ಚೆನ್ನಾಗಿ ನೆನಪಿದೆ.

ಜೂನ್ 28, ಶುಕ್ರವಾರ

ಇವತ್ತಿನ ಸಿಟ್ಟು: ವಿಮಾನದ ಕಂಪನಿಗಳ ಮೇಲೆ. ಕಿನ್ಶಾಸಾದಿಂದ ಲುಬುಂಬಾಶಿಗೆ ಇವತ್ತು ಸೀಟಿಲ್ಲ, ನಾಳೆಯದು ರದ್ದು. ಭಾನುವಾರಕ್ಕೆ ಒಂದು ಸಿಕ್ಕಿತು. ಕೂತ ಜಾಗದಿಂದ ಏಳದೆ ಮಾಡಿಸಿದೆ. ಭೀಮರಾಯನ ಮೇಲೂ ಸಿಟ್ಟು. ಎರಡು ವರ್ಷದಿಂದ ಅಲ್ಲಿದ್ದಾನೆ, ಯಾವ ಊರಿಗೆ ಬರ್ತಿದ್ದಾರೆ ಅಂತ ಒಂದು ಮಾತು ಕೇಳಬಾರದಾ?

ಶಂಕ್ರವ್ವನನ್ನ ಏರ್‌ಪೋರ್ಟಲ್ಲಿ ಕಸ ಗುಡಿಸೋ ಹೆಂಗಸೊಬ್ಬಳು ತನ್ನ ಮನೆಗೆ ಕರ್ಕೊಂಡು ಹೋಗಿದ್ದಾಳಂತೆ. ಇವರಿಗೆ ಅವಳ ಮಾತು ಬರಲ್ಲ, ಅವಳಿಗೆ ಇವರದ್ದು ಬರಲ್ಲ. ಭೀಮರಾಯ ಫೋನಲ್ಲಿ ಅವಳ ಹತ್ರ ಅಲ್ಲಿಯ ಭಾಷೆ ಮಾತಾಡಿ ಎಲ್ಲಾ ತಿಳಿಸಿದ್ದಾನೆ. ರವಿಕುಮಾರ ಹೇಳಿದ, "ನೀವಿಲ್ಲಂದ್ರ ನಮ್ ಗತಿ ಏನಿತ್ರಿ ಸರ." ಬೇಕರಿಯವನು ಟೀ ಕಳಿಸಿದ. ಕುಡಿಯೋಕೆ ಆಗಲಿಲ್ಲ, ತಣ್ಣಗಾಗಿತ್ತು.

ಮನೇಲಿ ಎಲ್ಲಾ ಹೇಳಿದೆ. ಬೈರಮ್ಮ ತಟ್ಟೆ ಇಡ್ತಾ ಇದ್ದವಳು, "ನೀವು ನಿಜವಾಗ್ಲೂ ಹೇಳಿದ್ರಾ ಆಯಮ್ಮಂಗೆ, ಇನ್ನೊಂದು ವಿಮಾನ ಅಂತ?" ಅಂದ್ಲು.

"ಹೇಳದೆ ಇರ್ತೀನಾ? ನಾನೇನು ನಿನ್ನೆ ಮೊನ್ನೆ ಅಂಗಡಿ ತೆಗ್ದೋನಾ?" ಅಂತ ಕೂಗಾಡಿದೆ. ಕಟ್ಟಿಕೊಂಡ ಹೆಂಡತಿಗೇ ನಂಬಿಕೆ ಇಲ್ಲ ಅಂದ್ರೆ ಬಿ.ಪಿ. ಎಲ್ಲಿಂದ ಇಳಿಯುತ್ತೆ?

ಜೂನ್ 29, ಶನಿವಾರ

ಮಧುಮತಿಗೆ ಹೆರಿಗೆ ಆಯ್ತು. ಲೆಕ್ಕಕ್ಕಿಂತ ಎಂಟು ದಿನ ಮುಂಚೆ. ಆಪರೇಷನ್ ಮಾಡಿ ತೆಗೆದ್ರಂತೆ. ಹೆಣ್ಣು ಮಗು. ಒಳಗೆ ಅವಳ ಜೊತೆ ಇದ್ದವರಲ್ಲಿ ಯಾರಿಗೂ ಅವಳ ಭಾಷೆ ಬರ್ತಿರಲಿಲ್ಲ. "ಅವ್ವಾ, ಅವ್ವಾ" ಅಂತ ಒಂದೇ ಸಮ ಕೂಗ್ತಿದ್ಲಂತೆ. ನರ್ಸಮ್ಮ ಅದು ಮಗುವಿಗೆ ಇಡೋ ಹೆಸರು ಅಂದ್ಕೊಂಡಳಂತೆ.

ಜೂನ್ 30, ಭಾನುವಾರ

ಶಂಕ್ರವ್ವ ಲುಬುಂಬಾಶಿ ತಲುಪಿದ್ರು. ಬೆಳಿಗ್ಗೆ ಹತ್ತಕ್ಕೆ ಹೊರಟು ಒಂದೂವರೆಗೆ ಇಳಿದ್ರು. ಟಿಕೆಟ್ ನೋಡಿದ್ರೆ ಮೂರೂವರೆ ಗಂಟೆ ಕಾಣುತ್ತೆ, ನಿಜವಾಗಿ ಎರಡೂವರೆ. ಒಂದೇ ದೇಶದಲ್ಲಿ ಎರಡು ಗಡಿಯಾರ ಇಟ್ಕೊಂಡಿದ್ದಾರೆ. ಇದನ್ನೆಲ್ಲಾ ಈಗ ಓದ್ತಿದ್ದೀನಿ.

ಜುಲೈ 9, ಮಂಗಳವಾರ

ರವಿಕುಮಾರ ಊರಿಗೆ ಟಿಕೆಟ್ ತಗೊಳ್ಳೋಕೆ ಬಂದಿದ್ದ. ತಂಗಿ ಹೇಗಿದ್ದಾಳೆ ಅಂದೆ. "ಆಕಿ ಅವ್ವನ ಕೂಡ ಮಾತ ಬಿಟ್ಟಾಳ್ರಿ" ಅಂದ. ತಾಯಿ ಬಂದ ದಿನ ಮುಖ ಆ ಕಡೆ ತಿರುಗಿಸಿ ಮಲಗಿದವಳು ತಿರುಗಲೇ ಇಲ್ಲವಂತೆ. "ನಾ ಸತ್ತಿದ್ರ ನಿನಗ ರೊಕ್ಕ ಉಳೀತಿತ್ತು" ಅಂದ್ಲಂತೆ. ಅಷ್ಟೇ, ಆಮೇಲೆ ಒಂದು ಮಾತೂ ಇಲ್ಲ. ತಲೆಗೆ ಎಣ್ಣೆ ಹಚ್ಚೋಕೂ ಬಿಡಲ್ಲ. ಶಂಕ್ರವ್ವ ಅಡುಗೆ ಮಾಡಿ ತಟ್ಟೆ ಪಕ್ಕದಲ್ಲಿಟ್ಟು ಬಾಗಿಲ ಹತ್ರ ಕೂತಿರ್ತಾರಂತೆ.

"ನಿಮ್ಮಮ್ಮ ಏನಂತಾರೆ?" ಅಂದೆ.

"ಏನಂತಾಳ್ರಿ? ಹಂಗ ಅಂದಿದ್ನೇನೋಪಾ, ನನಗ ನೆನಪಿಲ್ಲ ಅಂತಾಳ. ವಯಸ್ಸಾತು, ತಲಿ ನಿಂದ್ರವಲ್ದು ಅಂತಾಳ."

ಗದಗಕ್ಕೆ ಕೆಳಗಿನ ಸೀಟು ಹಾಕಿಕೊಟ್ಟೆ.

ಅಂದಿರಲೂಬಹುದು. ಅವತ್ತು ಅಂಗಡೀಲಿ ಜನ ಜಾಸ್ತಿ ಇದ್ರು.

ಜುಲೈ 10, ಬುಧವಾರ

ಜನ ಇರಲಿಲ್ಲ. ಅವರೂ ನಾನೂ ಇಬ್ಬರೇ ಇದ್ದಿದ್ದು. ಈ ಪುಸ್ತಕದಲ್ಲೇ ಹಿಂದಿನ ಪುಟದಲ್ಲಿ ನನ್ನ ಕೈಯಲ್ಲೇ ಬರೆದಿದ್ದೀನಿ. ಎಷ್ಟು ದೂರ ಅಂತ ಅವರು ಕೇಳಿದ್ರು. ಹತ್ತಿರಾನೇ ಅಂದೆ.

ಜುಲೈ 23, ಮಂಗಳವಾರ

ಎರಡು ವಾರ ಬರೀಲಿಲ್ಲ. ಡಾಕ್ಟರ ಹತ್ರ ಹೋಗಿದ್ದೆ. "ಸಿಟ್ಟು ಕಮ್ಮಿ ಆಗಿದೆಯಲ್ಲ, ನೋಡಿ ನೂರ ನಲವತ್ತಕ್ಕೆ ಬಂದಿದೆ. ಬರೀತಿದ್ದೀರಾ?" ಅಂತ ಖುಷಿಪಟ್ರು. ಹೂಂ ಅಂದೆ. ನಾಚಿಕೆಗೆ ಬಿ.ಪಿ. ಏರಲ್ಲ ಅಂತ ಕಾಣುತ್ತೆ. ಏರೋ ಹಾಗಿದ್ರೆ ನಾನು ಇಷ್ಟೊತ್ತಿಗೆ ಆಸ್ಪತ್ರೆ ಸೇರಿರ್ತಿದ್ದೆ.

ಅಂಗಡೀಲಿ ಕೆಲಸ ನಿಧಾನ ಆಗ್ತಿದೆ. ಮುರಿಗೆವ್ವ ಅಂತ ಒಬ್ಬ ಅಜ್ಜಿ ಬಾದಾಮಿಗೆ ಟಿಕೆಟ್ ಕೇಳಿದ್ರು. ಬಸ್ಸು ಬೆಳಗಿನ ಜಾವ ಯಾವ ಸರ್ಕಲ್ಲಲ್ಲಿ ನಿಲ್ಲುತ್ತೆ, ಅಲ್ಲಿಂದ ಮನೆ ಎಷ್ಟು ದೂರ, ಯಾರು ಬರ್ತಾರೆ, ಅವರ ನಂಬರ್ ಏನು, ಎಲ್ಲಾ ಕೇಳಿ ಚೀಟೀಲಿ ಬರ್ದು, ಆ ನಂಬರಿಗೆ ನಾನೇ ಫೋನ್ ಮಾಡಿ ಹೇಳಿದೆ. ಹಿಂದೆ ನಿಂತಿದ್ದವನು "ಏನ್ ಗುರು, ಟಿಕೆಟ್ ಕೊಡ್ತೀರೋ ಹೆಣ್ಣು ನೋಡೋ ಶಾಸ್ತ್ರ ಮಾಡ್ತೀರೋ?" ಅಂದ. ಹೌದು, ತಡ ಆಯ್ತು, ಸಾರಿ ಅಂದೆ.

ಆಗಸ್ಟ್ 2, ಶುಕ್ರವಾರ

ಶಂಕ್ರವ್ವ ವಾಪಸ್ ಬಂದುಬಿಟ್ಟಿದ್ದಾರೆ. ಮೂರು ತಿಂಗಳು ಇರಬೇಕಿತ್ತು, ಒಂದೇ ತಿಂಗಳಿಗೆ ಬಂದ್ರು. ಬರೋ ಟಿಕೆಟ್ ಭೀಮರಾಯನೇ ಅಲ್ಲಿಂದ ಮಾಡಿಸಿದ. ಲುಬುಂಬಾಶಿಯಿಂದ ನೇರ ಅಡಿಸ್ ಅಬಾಬಾ, ಅಲ್ಲಿಂದ ಬೆಂಗಳೂರು. ಒಂದೇ ಸಲ ಇಳಿದು ಹತ್ತಿದ್ರಂತೆ. ಅವತ್ತು ನಾನು ಸ್ಕ್ರೀನನ್ನ ಇನ್ನೊಂಚೂರು ಕೆಳಗೆ ಎಳೆದು ನೋಡಿದ್ರೆ ಅದೇ ವಿಮಾನ ಹೋಗುವಾಗಲೂ ಸಿಗ್ತಿತ್ತು. ಇವತ್ತು ಕೂತು ನೋಡಿದೆ. ಎರಡನೇ ಪುಟದಲ್ಲೇ ಇದೆ.

ಆಗಸ್ಟ್ 9, ಶುಕ್ರವಾರ

ಇವತ್ತು ನಾಗರ ಪಂಚಮಿ. ಉತ್ತರದ ಕಡೆಯವರಿಗೆ ದೊಡ್ಡ ಹಬ್ಬ, ಗಂಡನ ಮನೆಗೆ ಹೋದ ಹೆಣ್ಣುಮಕ್ಕಳೆಲ್ಲಾ ತೌರಿಗೆ ಬರ್ತಾರೆ. ಮೂರು ದಿನದಿಂದ ಬಸ್ಸಲ್ಲಿ ಒಂದು ಸೀಟಿಲ್ಲ.

ಹನ್ನೊಂದು ಗಂಟೆಗೆ ಶಂಕ್ರವ್ವ ಬಂದ್ರು. ಗುರುತೇ ಸಿಗಲಿಲ್ಲ, ಅಷ್ಟು ಇಳಿದುಹೋಗಿದ್ದಾರೆ. ಸ್ಟೀಲ್ ಡಬ್ಬಿ ಮುಂದಿಟ್ರು. ಪಂಚಮಿ ಉಂಡಿ. ಶೇಂಗಾದ್ದು, ಎಳ್ಳಿಂದು, ತಂಬಿಟ್ಟಿಂದು, ಮೂರು ತರಹ.

"ನಿಮಗ ತರ್ಬೇಕಂತ ಮೊದಲ ತಗದಿಟ್ಟೀನ್ರಿ. ಅವತ್ತ ನೀವು ಆ ಎರಡನೇ ಟಿಕೀಟ ಮಾಡಿಸಲಿಲ್ಲಂದ್ರ ನಾ ಅಲ್ಲೇ ಕೊಳೀತಿದ್ದೆ."

"ಕೂತ್ಕೊಳ್ಳಿ ಅಮ್ಮ" ಅಂದೆ.

ಕೂರಲಿಲ್ಲ. ಕೌಂಟರ್ ಹಿಡ್ಕೊಂಡು ನಿಂತೇ ಇದ್ರು. ಆಮೇಲೆ ದನಿ ತಗ್ಗಿಸಿ ಕೇಳಿದ್ರು, "ಸಾಹೇಬ್ರ, ಒಂದ್ ಮಾತು. ನಾ ಅವತ್ತ ನಿಮಗ ಖರೇನ ಹಂಗ ಅಂದ್ನೇನ್ರಿ? ರೊಕ್ಕ ದಂಡ, ಇನ್ನೊಂದ್ ಇಮಾನ ಬ್ಯಾಡಂತ? ನನಗ ಎಷ್ಟ್ ನೆನಸ್ಕೊಂಡ್ರೂ ನೆನಪಾಗವಲ್ದು. ಅದಕ್ಕ ಕೇಳಾಕ ಬಂದೆ."

ಬೇಕರಿಯವನು ಈ ಕಡೆ ನೋಡ್ತಿದ್ದ. ಟಿಕೆಟಿಗೆ ನಾಲ್ಕು ಜನ ನಿಂತಿದ್ರು.

"ಅಂದ್ರಿ ಅಮ್ಮ" ಅಂದೆ. "ಅಂದ ಹಾಗೆ ನೆನಪು."

"ಹೌದೇನ್ರಿ" ಅಂದ್ರು. ತಲೆ ಅಲ್ಲಾಡಿಸಿದ್ರು. "ಹಂಗಾರ ನಂದ ತಪ್ಪು" ಅಂದು ಸೆರಗು ಸರಿ ಮಾಡ್ಕೊಂಡು ಹೋದ್ರು.

ಥೂ ನನ್ನ ಜನ್ಮಕ್ಕಿಷ್ಟು.

ಆಗಸ್ಟ್ 10, ಶನಿವಾರ

ಅಂಗಡಿ ತೆಗೀಲಿಲ್ಲ. ಉಂಡೆ ಡಬ್ಬಿ ಅಡುಗೆಮನೆ ಕಟ್ಟೆ ಮೇಲಿದೆ. ಬೈರಮ್ಮ ಒಂದು ತಿಂದು "ಸಖತ್ತಾಗಿದೆ, ನೀವ್ಯಾಕೆ ಮುಟ್ಟಿಲ್ಲ?" ಅಂದ್ಲು. ಹೊಟ್ಟೆ ಸರಿ ಇಲ್ಲ ಅಂದೆ.

ಮನೆ ಹತ್ರದ ಕೆರೆಗೆ ಎರಡು ಸುತ್ತು ಹಾಕಿ ಬಂದು ಅವಳಿಗೆ ಹೇಳಿದೆ. ಎಲ್ಲಾ. ಜೂನ್ ಹನ್ನೊಂದರಿಂದ ನಿನ್ನೆವರೆಗೆ. ಅವಳು ನೆನೆಸಿದ ಅವರೆಕಾಳು ಹಿದುಕ್ತಾ ಕೇಳಿಸ್ಕೊಂಡ್ಲು. ಆಶ್ಚರ್ಯ ಪಡ್ತಾಳೆ ಅಂದ್ಕೊಂಡಿದ್ದೆ.

"ಅವತ್ತೇ ಗೊತ್ತಾಯ್ತು ನನಗೆ" ಅಂದ್ಲು. "ನೀವು ಸುಳ್ಳು ಹೇಳುವಾಗ ಜೋರಾಗಿ ಮಾತಾಡ್ತೀರ."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀವೇ ಹೋಗಿ ಹೇಳ್ತೀರ ಅಂತ ಸುಮ್ನಿದ್ದೆ. ಒಂದು ವಾರ, ಎರಡು ವಾರ ಅಂತ ನೋಡಿದೆ. ನಿನ್ನೆ ಆಯಮ್ಮ ಎದುರಿಗೇ ಬಂದು ಕೇಳಿದ್ರೂ ಹೇಳಲಿಲ್ಲ ಅಂದ್ರಲ್ಲ, ನಿಮಗೆ ಏನು ಹೇಳೋದು ನಾನು?" ಪಾತ್ರೆ ಎತ್ಕೊಂಡು ಒಳಗೆ ಹೋದ್ಲು. ಬೈದಿದ್ರೆ ಚೆನ್ನಾಗಿರ್ತಿತ್ತು.

ಆಗಸ್ಟ್ 14, ಬುಧವಾರ

ಅವರ ಮನೆವರೆಗೂ ಹೋಗಿದ್ದೆ. ಬಿಟಿಎಮ್ ಎರಡನೇ ಹಂತ, ಮೂರನೇ ಮಹಡಿ. ಬಾಗಿಲು ತಟ್ಟಿದೆ, ಶಂಕ್ರವ್ವನೇ ತೆಗೆದ್ರು. "ಬರ್ರಿ ಬರ್ರಿ" ಅಂತ ಚಾಪೆ ಹಾಸಿ ಮಜ್ಜಿಗೆ ಕೊಟ್ರು. ಗೋಡೆ ಮೇಲೆ ಮಗುವಿನ ಫೋಟೋ, ಕಂಪ್ಯೂಟರಲ್ಲಿ ಪ್ರಿಂಟ್ ತೆಗೆಸಿದ್ದು. ಭೀಮರಾಯ ರವಿಕುಮಾರನ ಫೋನಿಗೆ ಕಳಿಸಿದ್ದಂತೆ. "ಮಾರಿ ನೋಡ್ರಿ, ತೇಟ್ ಮಧುಮತಿನ" ಅಂದ್ರು. ಆಮೇಲೆ, "ಆಕಿ ಫೋನ್ ಎತ್ತಂಗಿಲ್ರಿ. ದಿನಾ ಮಾಡ್ತೀನಿ, ಹೊಡ್ಕೊಂತ ಇರ್ತೈತಿ, ಬಂದ್ ಆಕ್ಕೈತಿ" ಅಂದ್ರು.

ಮಜ್ಜಿಗೆ ಕುಡಿದು, ಉಂಡೆ ಡಬ್ಬಿ ವಾಪಸ್ ಕೊಡೋಕೆ ಬಂದೆ ಅಂತ ಹೇಳಿ ಡಬ್ಬಿ ಕೊಟ್ಟು ಬಂದೆ. ಐವತ್ತೊಂಬತ್ತು ವರ್ಷದ ಗಂಡಸು ನಾನು.

ಆಗಸ್ಟ್ 17, ಶನಿವಾರ

ಏನು ಹೇಳಬೇಕು ಅಂತ ಬರ್ಕೊಂಡು ನೋಡಿದೆ. "ಆ ದಿನ ಕೆಲಸದ ಒತ್ತಡದಲ್ಲಿ" ಅಂತ ಶುರು ಮಾಡಿದೆ. ಒತ್ತಡ ಇರಲಿಲ್ಲ. ಹೊಡೆದು ಹಾಕಿದೆ. "ಗೊತ್ತಾಗದೆ ಆದ ತಪ್ಪು" ಅಂತ ಬರೆದೆ. ಟಿಕೆಟ್ ಮಾಡಿದ್ದು ಗೊತ್ತಾಗದೆ, ಸರಿ. ಆಮೇಲೆ ಆಡಿದ್ದು? ಎರಡು ಸಲ ಆಡಿದ್ದು? ಅದನ್ನೂ ಹೊಡೆದು ಹಾಕಿದೆ. ಉಳಿದಿದ್ದು ಎರಡೇ ಸಾಲು.

ಆಗಸ್ಟ್ 18, ಭಾನುವಾರ

ಬೆಳಿಗ್ಗೆ ಹತ್ತೂವರೆಗೆ ಹೋದೆ. ರವಿಕುಮಾರ ಮನೇಲಿ ಇರ್ತಾನೆ ಅಂತಲೇ ಭಾನುವಾರ ಹೋಗಿದ್ದು. ಅವನು ಬನಿಯನ್‌ನಲ್ಲಿ ಕೂತು ಇಸ್ತ್ರಿಪೆಟ್ಟಿಗೆ ಬಿಚ್ಚಿ ಹರಡ್ಕೊಂಡಿದ್ದ. ಶಂಕ್ರವ್ವ ರೊಟ್ಟಿ ಬಡೀತಿದ್ರು.

ನಿಂತ್ಕೊಂಡೇ ಹೇಳಿದೆ. "ಅಮ್ಮ, ನೀವು ಅವತ್ತು ದುಡ್ಡು ದಂಡ ಅನ್ನಲಿಲ್ಲ. ಇನ್ನೊಂದು ವಿಮಾನ ಅಂತ ನಾನು ಹೇಳಲೇ ಇಲ್ಲ, ನನಗೇ ಗೊತ್ತಿರಲಿಲ್ಲ. ನನ್ನ ಮಾನ ಉಳಿಸ್ಕೊಳ್ಳೋಕೆ ನಿಮ್ಮ ಮೇಲೆ ಹಾಕಿದೆ."

ರವಿಕುಮಾರ ಸ್ಕ್ರೂಡ್ರೈವರ್ ಹಿಡ್ಕೊಂಡೇ ಎದ್ದ. "ಏನಂದ್ರಿ?" ಅಂದ. ಮೊದಲನೇ ಸಲ ಸರ ಅನ್ನಲಿಲ್ಲ.

"ನೀ ಕುಂದ್ರು" ಅಂದ್ರು ಶಂಕ್ರವ್ವ. ರೊಟ್ಟಿ ಬಡಿಯೋದು ನಿಂತಿತ್ತು. ಕೈಯೆಲ್ಲಾ ಹಿಟ್ಟು. "ನಾ ಕೇಳಿದ್ನೆಲ್ರೀ? ಇಳದ ಮ್ಯಾಲ ಮತ್ತ ಎಷ್ಟ್ ದೂರ ಆಕ್ಕೈತಿ ಅಂತ?"

"ಕೇಳಿದ್ರಿ."

"ನೀವು ಹತ್ರ ಅಂದ್ರಿ."

"ಹೌದು."

"ಅದು ನನಗ ನೆನಪಿತ್ತು" ಅಂದ್ರು. "ಅದೊಂದ ನೆನಪಿತ್ತು. ಉಳದದ್ದು ಯಾಕ ನೆನಪಿಲ್ಲ, ನನಗ ಅರಳು ಮರಳು ಹತ್ತೇತಿ ಅಂತ ತಿಳಕೊಂಡಿದ್ನೆಲ್ರೀ ಯಪ್ಪಾ. ಒಲಿ ಮ್ಯಾಲ ಹಾಲ ಇಟ್ರೂ ಹೆದರಿಕಿ, ಎಲ್ಲೆ ಮರೀತೀನೋ ಅಂತ. ಕೂಸಿನ್ನ ನನ್ನ ಕೈಯಾಗ ಕೊಟ್ರೂ ಹೆದರಿಕಿ, ಎಲ್ಲೆ ಬೀಳಸ್ತೀನೋ ಅಂತ. ಎತ್ಗೊಳ್ಳಲೇ ಇಲ್ರಿ ನಾ ಸರಿಯಾಗಿ." ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸ್ಕೊಂಡ್ರು. ಮುಖಕ್ಕೆಲ್ಲಾ ಹಿಟ್ಟಾಯ್ತು.

ನಾನು ಕೈ ಮುಗಿದೆ. ಅವರು ನೋಡಲಿಲ್ಲ.

"ಇದನ್ನ ನನಗ್ಯಾಕ ಹೇಳ್ತೀರಿ?" ಅಂದ್ರು ಆಮೇಲೆ. "ನಾ ಏನ್ ಮಾಡ್ಲಿ ಇದನ್ನ ಇ‌ಟ್ಗೊಂಡು? ಆಕಿಗೆ ಹೇಳ್ರಿ."

ರವಿಕುಮಾರ ತನ್ನ ಫೋನಿಂದ ಮಾಡಿ ನನ್ನ ಕೈಗೆ ಕೊಟ್ಟ. ಅಲ್ಲಿ ಬೆಳಿಗ್ಗೆ ಏಳು ಗಂಟೆ. "ಹೇಳೋ ಅಣ್ಣ" ಅಂತು ಒಂದು ಸಣ್ಣ ದನಿ. ನಾನು ಯಾರು ಅಂತ ಹೇಳಿದೆ. ಟಿಕೆಟ್ ಮಾಡಿದವನು ನಾನು ಅಂದೆ. ದೂರ ನೋಡದೆ ಮಾಡಿದೆ, ತಾಯಿ ಕೇಳಿದ್ರೂ ಹತ್ತಿರ ಅಂದೆ, ಆಮೇಲೆ ಅವರೇ ದುಡ್ಡಿಗೆ ಬೇಡ ಅಂದ್ರು ಅಂತ ಸುಳ್ಳು ಹೇಳಿದೆ ಅಂದೆ. ಹೇಳ್ತಾ ಹೇಳ್ತಾ ನನ್ನ ದನಿ ನನಗೇ ಕೇಳದಷ್ಟು ಸಣ್ಣದಾಯ್ತು, ಅವಳು "ಜೋರ ಹೇಳ್ರಿ, ಕೇಳವಲ್ದು" ಅಂದ್ಲು. ಮತ್ತೆ ಮೊದಲಿಂದ ಹೇಳಿದೆ.

ಲೈನ್ ಕಟ್ಟಾಯ್ತು ಅಂದ್ಕೊಂಡೆ. ಮಗು ಅಳೋದು ಕೇಳಿಸ್ತು, ಹಾಗಾಗಿ ಲೈನ್ ಇದೆ ಅಂತ ಗೊತ್ತಾಯ್ತು. ಬೈತಾಳೆ, ಬೈಲಿ ಅಂತ ಕಾದೆ.

"ಅವ್ವ ಅದಾಳೇನ್ರಿ ಅಲ್ಲೆ?" ಅಂದ್ಲು.

"ಇದ್ದಾರಮ್ಮ."

"ಕೊಡ್ರಿ."

ಕೊಟ್ಟೆ. ಶಂಕ್ರವ್ವ ಹಿಟ್ಟಿನ ಎರಡೂ ಕೈಯಲ್ಲಿ ಫೋನ್ ಹಿಡ್ಕೊಂಡ್ರು. ಸ್ಪೀಕರ್ ಹಾಕಿತ್ತು, ಎಲ್ಲರಿಗೂ ಕೇಳ್ತಿತ್ತು. ಮಗು ಅಳ್ತಾನೇ ಇತ್ತು. ಆಮೇಲೆ ಆ ಕಡೆಯಿಂದ, "ಅವ್ವಾ, ನಿನ್ನಿ ರಾತ್ರಿಯಿಂದ ಹಿಂಗ ಅಳಾಕತ್ತೈತಿ. ಹೊಟ್ಟಿ ಬಿಗದೈತಿ. ಇಂಗು ಹಚ್ಚಲೇನು?"

"ಬೆಚ್ಚನ ನೀರಾಗ ಕಲಸ್ಕೊ" ಅಂದ್ರು ಶಂಕ್ರವ್ವ. "ಹೊಕ್ಕಳಕ್ಕ ಹಚ್ಚಬ್ಯಾಡ, ಸುತ್ತ ಹಚ್ಚು. ನಾ ಹೇಳ್ತೀನಿ, ನೀ ಮೊದಲ ನೀರ ಕಾಸು."

"ಇಡಬ್ಯಾಡ ಮತ್ತ ಫೋನು."

"ಇಡಂಗಿಲ್ಲ ತಂಗಿ."

ನಾನು ಇನ್ನೂ ಬಾಗಿಲ ಹತ್ರಾನೇ ನಿಂತಿದ್ದೆ. ಕೂತ್ಕೊಳ್ಳಿ ಅಂತ ಯಾರೂ ಅನ್ನಲಿಲ್ಲ. ಬರ್ತೀನಿ ಅಂದೆ, ಅದಕ್ಕೂ ಯಾರೂ ಹೂಂ ಅನ್ನಲಿಲ್ಲ. ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ನೆನಪಾಯ್ತು, ಕ್ಷಮಿಸಿ ಅಂತ ಕೇಳೋದನ್ನೇ ಮರೆತಿದ್ದೆ. ವಾಪಸ್ ಹೋಗೋಣ ಅಂತ ಎರಡು ಮಹಡಿ ಹತ್ತಿದೆ. ಮೇಲೆ ತಾಯಿ ಮಗಳಿಗೆ ಇಂಗು ಕಲಸೋದು ಹೇಗೆ ಅಂತ ಹೇಳ್ತಾನೇ ಇದ್ರು. ಅದನ್ನ ನಿಲ್ಲಿಸಿ ನನ್ನ ಕಡೆ ತಿರುಗಿ ಅನ್ನೋ ಮುಖ ನನಗಿರಲಿಲ್ಲ. ಇಳಿದು ಬಂದೆ.